ಪಥ್ಯವೆಂದರೆ ಬಾಯಿಗೆ ಬೀಗವಲ್ಲ

ಸಕ್ಕರೆ ಕಾಯಿಲೆ ಬಂದಿದೆಯೆಂದು ಗೊತ್ತಾದ ದಿನ ಹೆಂಗಸಿಗೆ ಮಾತ್ರೆಗಿಂತ ಮೊದಲು ಸಿಗುವ ಔಷಧಿ ‘ಬೇಡ’ ಎಂಬ ಮಾತು. ಅನ್ನ ಬೇಡ, ಬಾಳೆಹಣ್ಣು ಬೇಡ, ಆಲೂಗಡ್ಡೆ ಬೇಡ, ಹೊರಗಿನದಂತೂ ಬೇಡವೇ ಬೇಡ. ಡಾಕ್ಟರು ಐದು ನಿಮಿಷದಲ್ಲಿ ಹೇಳಿ ಮುಗಿಸಿದ್ದನ್ನು ಮನೆಯವರು ಐದು ವರ್ಷ ಹೇಳುತ್ತಲೇ ಇರುತ್ತಾರೆ. ಈ ಬೇಡಗಳ ಪಟ್ಟಿಯಲ್ಲಿ ಈಚೆಗೆ ಮೊದಲ ಸ್ಥಾನ ಗಿಟ್ಟಿಸಿರುವುದು ‘ಚೈನೀಸ್’. ನಾನು ಈ ಲೇಖನ ಬರೆಯುತ್ತಿರುವುದು ಆ ಒಂದು ಬೇಡದ ವಿರುದ್ಧ. ಪಥ್ಯದ ಮೇಲೆ ನನಗೆ ಸಿಟ್ಟಿಲ್ಲ. ಪಥ್ಯದ ಹೆಸರು ಹೇಳಿ ಹೆಂಗಸಿನ ಬಾಯಿಗೆ ಬೀಗ ಹಾಕಿ, ಕೀಲಿಕೈಯನ್ನು ಮನೆಯ ಉಳಿದವರೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಾರಲ್ಲ, ಅದರ ಮೇಲೆ ಸಿಟ್ಟು.

ನನ್ನ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯೆಯಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಪಾಠ ಹೇಳುವ, ಐವತ್ತನಾಲ್ಕು ತುಂಬಿದ ಮೇಷ್ಟ್ರಮ್ಮ. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೂರು ವರ್ಷದಿಂದ ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ. ಇದರಲ್ಲಿ ನಾನು ಒಂಟಿಯೇನೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ರಕ್ತದ ಒತ್ತಡ ಇರುವವರು ನೂರಕ್ಕೆ ಮೂವತ್ತೈದಕ್ಕೂ ಹೆಚ್ಚು. ಅಂದಮೇಲೆ ಈ ಪುಟ ಓದುತ್ತಿರುವ ನಿಮ್ಮ ಮನೆಯಲ್ಲೂ ಒಂದು ಮಾತ್ರೆ ಡಬ್ಬಿ ಇದ್ದೀತು. ಅದರ ಪಕ್ಕದಲ್ಲೇ, ಶನಿವಾರ ಬಂತೆಂದರೆ, ಇನ್ನೊಂದು ಡಬ್ಬಿಯೂ ಬಂದು ಕೂರುತ್ತದೆ. ನಾನು ಮಾತಾಡುತ್ತಿರುವುದು ಆ ಎರಡನೆಯ ಡಬ್ಬಿಯ ಬಗ್ಗೆ.

ಮೂವತ್ತು ವರ್ಷದ ಹಿಂದೆ ನಮ್ಮ ಶಿವಮೊಗ್ಗದಂಥ ಊರಿನಲ್ಲಿ ‘ಹೊರಗಿನ ತಿಂಡಿ’ ಎಂದರೆ ಮಸಾಲೆದೋಸೆ. ಈಗ ಸಂಜೆಯಾದರೆ ಯಾವ ರಸ್ತೆಗೆ ಹೋದರೂ ಬಾಣಲೆಗೆ ಸೌಟು ಬಡಿಯುವ ಸದ್ದು, ಸೋಯಾ ಸಾಸಿನ ಘಾಟು. ತಳ್ಳುಗಾಡಿಯಿಂದ ಹಿಡಿದು ಎ.ಸి. ಹೋಟೆಲಿನವರೆಗೆ ಗೋಬಿ ಮಂಚೂರಿ, ಫ್ರೈಡ್ ರೈಸ್, ನೂಡಲ್ಸ್. ಮೊಬೈಲಿನಲ್ಲಿ ಬೆರಳೊತ್ತಿದರೆ ಮನೆ ಬಾಗಿಲಿಗೇ ಪಾರ್ಸೆಲ್. ಶನಿವಾರ ಸಂಜೆ ಮನೆಯಲ್ಲಿ ಸಭೆ ಸೇರುತ್ತದೆ. ಮಗನಿಗೆ ಷೆಜ್ವಾನ್ ನೂಡಲ್ಸ್, ಮಗಳಿಗೆ ಪನೀರ್ ಚಿಲ್ಲಿ, ಯಜಮಾನರಿಗೆ ಎಗ್ ಫ್ರೈಡ್ ರೈಸ್, ಎಲ್ಲರ ನಡುವೆ ಎರಡು ಗೋಬಿ. ಎಲ್ಲ ಗೊತ್ತಾದ ಮೇಲೆ ಯಾರೋ ಒಬ್ಬರು, “ಅಮ್ಮಂಗೆ ಹೆಂಗೂ ಬೇಡ, ಅಲ್ವಾ?” ಅನ್ನುತ್ತಾರೆ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವಂತೆ ಕೇಳಿಸುತ್ತದೆ. ವ್ಯಾಕರಣ ಕಲಿಸುವವಳಾಗಿ ಹೇಳುತ್ತೇನೆ, ಅದು ಪ್ರಶ್ನೆಯೇ ಅಲ್ಲ. ತೀರ್ಪು.

ತೀರ್ಪಿನ ಮುಂದಿನ ಭಾಗ ಹೇಗಿರುತ್ತದೆಂದು ಗೆಳತಿಯರಿಗೆ ನಾನು ಹೇಳಬೇಕಾಗಿಲ್ಲ. ಪಾರ್ಸೆಲ್ ತರಿಸುವುದು ‘ಪಾಪ, ಅಮ್ಮನಿಗೂ ಒಂದು ದಿನ ಅಡಿಗೆ ಕೆಲಸ ತಪ್ಪಲಿ’ ಎಂದು. ಅಮ್ಮ ಮಾತ್ರ ಒಲೆ ಹಚ್ಚಿ ತನ್ನೊಬ್ಬಳಿಗಾಗಿ ಗೋಧಿ ರವೆಯ ಉಪ್ಪಿಟ್ಟು ಕೆದಕುತ್ತಾಳೆ. ಆ ಮನೆಯಲ್ಲಿ ಎಲ್ಲರಿಗೂ ರಜೆ, ರಜೆ ಬೇಕಾಗಿದ್ದವಳಿಗೆ ಡ್ಯೂಟಿ. ಇಷ್ಟಕ್ಕೇ ಮುಗಿಯುವುದಿಲ್ಲ. ಎಲ್ಲರೂ ಕೈ ತೊಳೆದು ಟಿ.ವಿ. ಮುಂದೆ ಕೂತ ಮೇಲೆ ಡಬ್ಬಿಯ ತಳದಲ್ಲಿ ನಾಲ್ಕು ತುತ್ತು ಫ್ರೈಡ್ ರೈಸು, ಎಣ್ಣೆಯಲ್ಲಿ ತೇಲುವ ಎರಡು ಚೂರು ಗೋಬಿ ಉಳಿದಿರುತ್ತವೆ. ದುಡ್ಡು ಕೊಟ್ಟು ತಂದದ್ದು, ಚೆಲ್ಲುವುದು ಹೇಗೆ? ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು ಅದನ್ನು ಬಾಯಿಗೆ ಹಾಕಿಕೊಳ್ಳುವವಳು ಯಾರು? ‘ಏನೂ ಬೇಡ’ದವಳೇ. ನಿಷೇಧದ ಫಲ ನೋಡಿ: ಕೂತು, ಬೇಕಾದ್ದನ್ನು ಆರಿಸಿ, ಬಿಸಿಬಿಸಿ ತಿನ್ನುವ ಹಕ್ಕು ಹೋಯಿತು. ಎಲ್ಲಕ್ಕಿಂತ ಹೆಚ್ಚು ಎಣ್ಣೆ, ಹೆಚ್ಚು ಉಪ್ಪು ಇಳಿದು ನಿಂತ ತಳದ ಭಾಗ ಪಥ್ಯದವಳ ಪಾಲಿಗೆ ಬಂತು. ಅದೂ ಉಪ್ಪಿಟ್ಟಿನ ಮೇಲೆ.

ಇದೇ ಜನ ಹಬ್ಬದ ದಿನ ಏನು ಮಾಡುತ್ತಾರೆಂಬುದನ್ನೂ ಗಮನಿಸಿದ್ದೀರಾ? ಯುಗಾದಿಯ ದಿನ ಹೋಳಿಗೆಯ ಮೇಲೆ ತುಪ್ಪ ಸುರಿದು, “ಒಂದೇ ಒಂದು, ಏನೂ ಆಗಲ್ಲ, ದೇವರ ಪ್ರಸಾದ” ಎಂದು ಬಾಯಿಗೇ ಹಿಡಿಯುತ್ತಾರೆ. ಮದುವೆ ಮನೆಯಲ್ಲಿ “ಶುಗರ್ ಇರೋರೆಲ್ಲ ತಿಂತಿದಾರೆ, ನೀವೊಬ್ರೇ ಏನು” ಎಂದು ಎಲೆಗೆ ಚಿರೋಟಿ ಬೀಳುತ್ತದೆ. ಬೇಡವೆಂದರೆ ಸೊಕ್ಕಿನವಳು. ಹೀಗೆ ಶಾಸ್ತ್ರಕ್ಕಾಗಿ ತಿನ್ನುವ ಸಿಹಿಗೆ ಒತ್ತಾಯ, ಆಸೆಗಾಗಿ ತಿನ್ನುವ ಖಾರಕ್ಕೆ ತಡೆ. ಎರಡು ಸಂದರ್ಭದಲ್ಲೂ ಅವಳ ನಾಲಗೆಯ ಮೇಲೆ ಅವಳಿಗೆ ಅಧಿಕಾರವಿಲ್ಲ. ರಕ್ತದಲ್ಲಿ ಸಕ್ಕರೆ ಏರುವುದಕ್ಕೆ ಹೋಳಿಗೆಯ ಸಂಪ್ರದಾಯವೂ ಗೊತ್ತಿಲ್ಲ, ನೂಡಲ್ಸಿನ ಜಾತಕವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಪಿಷ್ಟ ಎಷ್ಟು ಒಳಗೆ ಹೋಯಿತು ಎಂಬುದೊಂದೇ.

ಇನ್ನು ಆ ಜಾತಕದ ವಿಚಾರ. ಚೀನಾದ ತಿಂಡಿ ನಮ್ಮ ದೇಹಕ್ಕೆ ಒಗ್ಗುವುದಿಲ್ಲ ಎಂದು ಭಾಷಣ ಮಾಡುವವರು ಮೊದಲು ಭೂಪಟ ನೋಡಬೇಕು. ಹತ್ತನೇ ತರಗತಿಗೆ 1931ರಲ್ಲಿ ಜಪಾನು ಮಂಚೂರಿಯಾವನ್ನು ಆಕ್ರಮಿಸಿದ ವಿಷಯ ಹೇಳುವಾಗ ಪ್ರತಿ ವರ್ಷ ಒಬ್ಬನಾದರೂ, “ಮಿಸ್, ಗೋಬಿ ಮಂಚೂರಿ ಅಲ್ಲಿಂದ ಬಂದಿದ್ದಾ?” ಎಂದು ಕೇಳುತ್ತಾನೆ, ತರಗತಿಯೆಲ್ಲ ನಗುತ್ತದೆ. ಅಲ್ಲಿಂದ ಬಂದದ್ದಲ್ಲ ಮಕ್ಕಳೇ. ಹದಿನೆಂಟನೆಯ ಶತಮಾನದ ಕೊನೆಯಿಂದ ಕಲ್ಕತ್ತಕ್ಕೆ ಬಂದು ನೆಲೆಸಿದ ಚೀನೀಯರಿದ್ದಾರೆ. ಅವರಲ್ಲಿ ಹಕ್ಕಾ ಜನ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುತ್ತಿದ್ದರು, ಆಮೇಲೆ ಅಲ್ಲೇ ಹೋಟೆಲುಗಳನ್ನೂ ತೆರೆದರು. ಆ ಕಲ್ಕತ್ತದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಕೋಳಿ ಮಾಂಸಕ್ಕೆ ನಮ್ಮ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಸೋಯಾ ಸಾಸು ಮತ್ತು ಕಾರ್ನ್‌ಫ್ಲೋರ್ ಸೇರಿಸಿ ‘ಮಂಚೂರಿಯನ್’ ಮಾಡಿದರೆಂದು ಪ್ರತೀತಿ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಆಮೇಲೆ. ಅಂದಮೇಲೆ ಇದು ನಮ್ಮದೇ ಬೋಂಡಾದ ಸೋದರ ಸಂಬಂಧಿ. ದೂರುವುದಿದ್ದರೆ ಚೀನಾವನ್ನು ಬಿಟ್ಟು ಬಾಣಲೆಯನ್ನು ದೂರಬೇಕು.

ಎರಡನೆಯ ಆರೋಪಿ ಅಜಿನೊಮೊಟೊ, ನಮ್ಮ ಕಡೆಯ ಮಾತಿನಲ್ಲಿ ಟೇಸ್ಟಿಂಗ್ ಪೌಡರ್. ವಾಟ್ಸಾಪಿನಲ್ಲಿ ಇದರ ಮೇಲೆ ಹೊರಿಸದ ಅಪರಾಧವಿಲ್ಲ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಎಂಬ ವಿಜ್ಞಾನಿ ಕಡಲಪಾಚಿಯ ಸಾರಿನ ರುಚಿಯನ್ನು ಹುಡುಕುತ್ತಾ ಹೋಗಿ ಕಂಡುಕೊಂಡ ವಸ್ತು ಇದು. ಟೊಮೆಟೊ ಹಣ್ಣಿನಲ್ಲಿ ಸಹಜವಾಗಿಯೇ ಇರುವ ಗ್ಲುಟಮೇಟಿನ ಲವಣ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಒಬ್ಬ ಡಾಕ್ಟರು, ಚೀನೀ ಹೋಟೆಲಿನಲ್ಲಿ ತಿಂದರೆ ಕುತ್ತಿಗೆ ಜೋಮು ಹಿಡಿಯುತ್ತದೆ, ಎದೆ ಬಡಿದುಕೊಳ್ಳುತ್ತದೆ ಎಂದು ಪತ್ರ ಬರೆದರು. ಕಾರಣ ಸೋಯಾ ಸಾಸೋ, ಅಡಿಗೆಯ ಮದ್ಯವೋ, ಉಪ್ಪೋ, ಈ ಪುಡಿಯೋ ಎಂದು ಅವರು ಪ್ರಶ್ನೆಯನ್ನಷ್ಟೇ ಇಟ್ಟಿದ್ದರು. ಲೋಕ ಪುಡಿಯೊಂದನ್ನೇ ಹಿಡಿದುಕೊಂಡಿತು. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಆ ದೂರು ಖಚಿತವಾಗಿ ಸಾಬೀತಾಗಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಇದನ್ನು ಉಪ್ಪು, ಅಡಿಗೆ ಸೋಡಾಗಳ ಸಾಲಿನಲ್ಲಿಯೇ ಇಟ್ಟಿದೆ. ತೂಕಕ್ಕೆ ತೂಕ ನೋಡಿದರೆ ಅಡಿಗೆಯ ಉಪ್ಪಿನಲ್ಲಿ ಸೋಡಿಯಂ ಶೇಕಡಾ 39, ಈ ಪುಡಿಯಲ್ಲಿ ಸುಮಾರು 12. ನನ್ನ ಸಹೋದ್ಯೋಗಿಯೊಬ್ಬರು “ಅಜಿನೊಮೊಟೊ ಹಾಕಲ್ವಂತೆ, ಧೈರ್ಯವಾಗಿ ತಿನ್ನಿ” ಎಂದು ಒಂದು ಅಂಗಡಿಯ ಗೋಬಿಯನ್ನು ಎರಡೆರಡು ಪ್ಲೇಟು ತರಿಸುತ್ತಾರೆ. ಕಳ್ಳನನ್ನು ಬಿಟ್ಟು ದಾರಿಹೋಕನನ್ನು ಹಿಡಿದಿದ್ದಾರೆ.

ಹಾಗಾದರೆ ಕಳ್ಳರು ಯಾರು? ಮೊದಲನೆಯವನು ತರಕಾರಿಯ ವೇಷದಲ್ಲಿ ಬರುತ್ತಾನೆ. ಹೂಕೋಸು ಪಾಪದ್ದು. ನೂರು ಗ್ರಾಂ ಹೂಕೋಸಿನಲ್ಲಿ ಇರುವುದು ಸುಮಾರು 25 ಕ್ಯಾಲೊರಿ, 5 ಗ್ರಾಂ ಪಿಷ್ಟ. ಅದರ ಮೈಗೆ ಮೆತ್ತುವ ಮೈದಾದಲ್ಲಿ ನೂರಕ್ಕೆ ಮುಕ್ಕಾಲು ಪಾಲು ಪಿಷ್ಟ, ಕಾರ್ನ್‌ಫ್ಲೋರಂತೂ ಹೆಚ್ಚುಕಡಿಮೆ ಪೂರ್ತಿ ಪಿಷ್ಟವೇ. ಆ ಕೋಟು ತೊಡಿಸಿ ಎಣ್ಣೆಗೆ ಬಿಡುತ್ತಾರೆ, ತೆಗೆದಿಟ್ಟು ಗಿರಾಕಿ ಬಂದಾಗ ಗರಿಗರಿಯಾಗಲೆಂದು ಮತ್ತೊಮ್ಮೆ ಬಿಡುತ್ತಾರೆ. ಕೋಟು ಎಣ್ಣೆ ಕುಡಿಯುತ್ತದೆ. ಒಂದು ಚಹಾ ಚಮಚ ಎಣ್ಣೆಗೆ 40-45 ಕ್ಯಾಲೊರಿ. ಆಮೇಲೆ ಟೊಮೆಟೊ ಸಾಸು ಬೀಳುತ್ತದೆ. ನೂರು ಗ್ರಾಂ ಸಾಸಿನಲ್ಲಿ ಸಾಮಾನ್ಯವಾಗಿ 20 ಗ್ರಾಂ ಮೀರಿ ಸಕ್ಕರೆ ಇರುತ್ತದೆ. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವವರಿದ್ದರೆ ಅದು ಬೇರೆ ಕೇಡು. ಹೀಗೆ ಕೆಟ್ಟ ಎಣ್ಣೆಯ ಬಳಕೆಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ಮಿತಿ ಹಾಕಿದೆ. ಆದರೆ ತಳ್ಳುಗಾಡಿಯ ಬಾಣಲೆಯನ್ನು ದಿನಾ ಅಳೆಯುವವರು ಯಾರು? ಬೇಬಿಕಾರ್ನ್ ಮಂಚೂರಿ, ಮಶ್ರೂಮ್ ಮಂಚೂರಿ, ಹೋಟೆಲಿನ ಚಿಲ್ಲಿ ಚಿಕನ್, ಎಲ್ಲಕ್ಕೂ ಇದೇ ಕೋಟು. ‘ವೆಜ್’ ಎಂದು ಬರೆದ ಮಾತ್ರಕ್ಕೆ ಪಥ್ಯವಾಗುವುದಿಲ್ಲ.

ಎರಡನೆಯ ಕಳ್ಳ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ, ಅಂದರೆ ಒಂದು ಚಹಾ ಚಮಚದಷ್ಟು, ಮೂರೂ ಹೊತ್ತಿನದು ಸೇರಿ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲೇ ಎರಡು ಗ್ರಾಂಗಿಂತ ಹೆಚ್ಚು ಉಪ್ಪಿಗೆ ಸಮನಾದ ಸೋಡಿಯಂ ಇದೆ. ಅದರ ಮೇಲೆ ಚಿಲ್ಲಿ ಸಾಸು, ಅದರ ಮೇಲೆ ಕೈಯಳತೆಯ ಉಪ್ಪು, ಕೊನೆಗೆ ಟೇಸ್ಟಿಂಗ್ ಪೌಡರು. ಮಾರನೆಯ ಬೆಳಿಗ್ಗೆ ಕಾಲು ಊದಿ ಚಪ್ಪಲಿ ಬಿಗಿಯಾದರೆ ಬಿ.ಪಿ.ಯವರು ಆಶ್ಚರ್ಯಪಡಬೇಕಾಗಿಲ್ಲ.

ಮೂರನೆಯವನು ಕಣ್ಣೆದುರೇ ಕೂತಿರುತ್ತಾನೆ, ಅವನ ಹೆಸರು ಡಬ್ಬಿಯ ಗಾತ್ರ. ನಮ್ಮ ಮನೆಗೆ ಬಂದ ವೆಜ್ ಫ್ರೈಡ್ ರೈಸಿನ ಡಬ್ಬಿಯನ್ನು ಒಮ್ಮೆ ಅಡಿಗೆಮನೆಯ ತೂಕದ ಯಂತ್ರದ ಮೇಲಿಟ್ಟೆ. ಡಬ್ಬಿ ಬಿಟ್ಟು 480 ಗ್ರಾಂ. ಬೆಂದ ಅನ್ನದಲ್ಲಿ ನೂರು ಗ್ರಾಮಿಗೆ ಸುಮಾರು 28 ಗ್ರಾಂ ಪಿಷ್ಟ. ನಡುವಿನ ಬೀನ್ಸು, ಕ್ಯಾರೆಟ್ಟುಗಳ ಪಾಲು ಕಳೆದರೂ ನೂರು ಗ್ರಾಂ ಮೀರುತ್ತದೆ, ಹೆಚ್ಚುಕಡಿಮೆ ಆರು ಚಪಾತಿಗೆ ಸಮ. ‘ಒಂದು ಪ್ಲೇಟ್’ ಎಂದು ಬಿಲ್ಲಿನಲ್ಲಿ ಬರೆದಿರುವುದರಿಂದ ನಾವು ಒಬ್ಬರ ಊಟವೆಂದು ತಿಳಿಯುತ್ತೇವೆ. ಒಂದೇ ಸಲ ಆರು ಚಪಾತಿ ತಿನ್ನುವ ಹೆಂಗಸು ಯಾವ ಮನೆಯಲ್ಲಿದ್ದಾಳೆ, ಹೇಳಿ.

ಇನ್ನು ಬಣ್ಣ. ಇದನ್ನು ಪಥ್ಯವಿಲ್ಲದವರೂ ಗಮನಿಸಬೇಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿದಾಗ 107ರಲ್ಲಿ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್ ಮುಂತಾದ ಕೃತಕ ಬಣ್ಣಗಳು ಸಿಕ್ಕವು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿರುವುದಾಗಿ ಪ್ರಕಟಿಸಿದರು. ಬಾಂಬೆ ಮಿಠಾಯಿಯ ಬಣ್ಣಕ್ಕೂ ಅಂದೇ ನಿಷೇಧ ಬಂತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ಬಂತು. ತಪ್ಪಿದವರಿಗೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿಯವರೆಗೆ ದಂಡ ಎಂದರು. ಇಲ್ಲಿ ಒಂದು ಸೂಕ್ಷ್ಮವಿದೆ: ನಿಷೇಧವಾದದ್ದು ಬಣ್ಣ, ಗೋಬಿಯಲ್ಲ. ನಮ್ಮ ಪಥ್ಯಕ್ಕೂ ಸರಕಾರದ ಈ ಬುದ್ಧಿ ಬರಬಾರದೇ? ಕೆಡಕು ಯಾವುದೋ ಅದರ ಹೆಸರು ಹಿಡಿದು ತೆಗೆಯಬೇಕು. ತಟ್ಟೆಯನ್ನೇ ಎತ್ತಿಕೊಂಡು ಹೋಗುವುದಲ್ಲ.

ಹೆಸರು ಹಿಡಿದು ತೆಗೆಯುವುದು ಹೇಗೆಂದು ಈಗ ಹೇಳುತ್ತೇನೆ. ಪಟ್ಟಿ ಕೈಗೆ ಬಂದಾಗ ಮೊದಲು ಸೂಪಿನ ಸಾಲು ನೋಡಿ. ಸ್ವೀಟ್ ಕಾರ್ನ್ ಸೂಪು, ಹಾಟ್ ಅಂಡ್ ಸೋರ್ ಸೂಪು ಮಂದವಾಗಿರುವುದು ಕಾರ್ನ್‌ಫ್ಲೋರಿನಿಂದ. ತೆಳುವಾಗಿ, ತರಕಾರಿ ಕಾಣುವ ಹಾಗೆ ಇರುವುದು ಕ್ಲಿಯರ್ ಸೂಪು. ಅದನ್ನು ಹೇಳಿ, ಉಪ್ಪು ಕಡಿಮೆ ಎನ್ನಿ. ಎರಡನೆಯದಾಗಿ, ‘ಡ್ರೈ’ ಎಂದರೆ ಹಗುರ ಎಂಬ ಭ್ರಮೆ ಬಿಡಿ. ಮಂಚೂರಿ ಡ್ರೈ ಆದರೂ ಗ್ರೇವಿ ಆದರೂ ಒಳಗಿನ ಕೋಟು ಒಂದೇ, ಗ್ರೇವಿಯಲ್ಲಿ ಮತ್ತಷ್ಟು ಕಾರ್ನ್‌ಫ್ಲೋರು ಇರುತ್ತದೆ ಅಷ್ಟೆ. ಅದರ ಬದಲು ಎಲೆಕೋಸು, ಬೀನ್ಸು, ಕ್ಯಾರೆಟ್ಟು, ದೊಣ್ಣೆಮೆಣಸಿನಕಾಯಿ, ಅಣಬೆಗಳನ್ನು ಹಿಟ್ಟಿಲ್ಲದೆ ಜೋರು ಉರಿಯಲ್ಲಿ ಬಾಡಿಸಿ ಕೊಡಲು ಹೇಳಿ. ಪನೀರು, ಮೊಟ್ಟೆ, ಕೋಳಿ ತಿನ್ನುವವರು ಅದನ್ನೂ ಹಿಟ್ಟಿಗೆ ಅದ್ದದೆ, ಕರಿಯದೆ ಆ ತರಕಾರಿಯ ಜೊತೆಗೇ ಹಾಕಿಸಿಕೊಳ್ಳಬಹುದು. ಮೊಮೊ ಬೇಕಿದ್ದರೆ ಹಬೆಯಲ್ಲಿ ಬೇಯಿಸಿದ್ದು, ಅದರ ಹೊದಿಕೆ ಮೈದಾ ಎಂಬುದನ್ನು ನೆನಪಿಟ್ಟುಕೊಂಡು ಎರಡೋ ಮೂರೋ. ಅಮೆರಿಕನ್ ಚಾಪ್ಸೂಯಿಯಲ್ಲಿ ನೂಡಲ್ಸನ್ನೇ ಕರಿದು ಮೇಲೆ ಸಿಹಿ ಸಾಸು ಸುರಿದಿರುತ್ತಾರೆ, ಅದನ್ನು ಮಕ್ಕಳಿಗೆ ಬಿಡಿ. ಫ್ರೈಡ್ ರೈಸೋ ನೂಡಲ್ಸೋ ಯಾವುದಾದರೂ ಒಂದು, ಅದೂ ಮೂವರ ನಡುವೆ ಒಂದು ಡಬ್ಬಿ. ಸಾಸಿನ ಪೊಟ್ಟಣಗಳನ್ನು ಬಿಚ್ಚಲೇ ಬೇಡಿ.

ಹೀಗೆಲ್ಲ ಕೇಳಿದರೆ ಕೊಡುತ್ತಾರೆಯೇ ಎಂದು ಸಂಕೋಚವೇ? ನಾನು ಕೇಳಿದ್ದೇನೆ. ನಮ್ಮ ಬಡಾವಣೆಯ ಕೊನೆಯಲ್ಲಿ ಇಂಥದೊಂದು ಚಿಕ್ಕ ಅಂಗಡಿ ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಹಿಟ್ಟು ಬೇಡ, ಬಣ್ಣ ಬೇಡ, ಸೋಯಾ ಸಾಸು ಅರ್ಧ ಚಮಚ, ಎಣ್ಣೆ ಒಂದು ಚಮಚ ಎಂದೆ. ಒಂದು ಕ್ಷಣ ನೋಡಿ ನಕ್ಕ. “ಮಿಸ್, ಹಿಂಗೆ ಯಾರೂ ಕೇಳೇ ಇಲ್ಲ. ಕೇಳಿದ್ರೆ ನಮಗೇನು ಕಷ್ಟ? ಎಣ್ಣೆ ಉಳಿಯುತ್ತೆ, ಗ್ಯಾಸ್ ಉಳಿಯುತ್ತೆ” ಎಂದು ನಾಲ್ಕು ನಿಮಿಷದಲ್ಲಿ ಮಾಡಿಕೊಟ್ಟ. ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪಿನ ಘಮ ಹಾಗೇ ಇತ್ತು, ಎಲೆಕೋಸು ಇನ್ನೂ ಕರಕರ ಎನ್ನುತ್ತಿತ್ತು. ನಾವು ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ, ಸೆರಗು ತಿರುವಿ ನೋಡಿ ಒಂದನ್ನು ಆರಿಸುತ್ತೇವೆ, ತರಕಾರಿಯವನ ಹತ್ತಿರ ಬೆಂಡೆಕಾಯಿಯ ತುದಿ ಮುರಿದು ನೋಡುತ್ತೇವೆ. ನಮ್ಮ ರಕ್ತಕ್ಕೆ ಸೇರುವ ಅನ್ನದ ವಿಷಯದಲ್ಲಿ ಮಾತ್ರ ಎರಡು ಮಾತು ಕೇಳಲು ನಾಚಿಕೊಳ್ಳುತ್ತೇವೆ.

ಮಾತಿಗಿಂತ ಲೆಕ್ಕ ಮೇಲು. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರವಿದೆ. ಪರೀಕ್ಷೆಗೆಂದೇ ಎರಡು ಶನಿವಾರ ನೋಡಿದೆ. ಎರಡು ದಿನವೂ ಊಟಕ್ಕೆ ಮೊದಲು ಸಕ್ಕರೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಮೊದಲ ಶನಿವಾರ ಎಲ್ಲರ ಹಾಗೆ ಫ್ರೈಡ್ ರೈಸು, ಗೋಬಿ ತಿಂದೆ. ಎರಡು ಗಂಟೆಯ ಮೇಲೆ 268. ಮುಂದಿನ ಶನಿವಾರ ಮೊದಲು ಕ್ಲಿಯರ್ ಸೂಪು, ಆಮೇಲೆ ಪನೀರು ಹಾಕಿದ ತರಕಾರಿ, ಕೊನೆಗೆ ಒಂದು ಸಣ್ಣ ಬಟ್ಟಲು ಫ್ರೈಡ್ ರೈಸು. ಎರಡು ಗಂಟೆಯ ಮೇಲೆ 171. ಒಂದೇ ಅಂಗಡಿ, ಒಂದೇ ಬಾಣಲೆ, ಒಂದೇ ಹೊಟ್ಟೆ. ತರಕಾರಿ, ಬೇಳೆ, ಪನೀರುಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗಿಟ್ಟುಕೊಂಡರೆ ಸಕ್ಕರೆ ಏರುವ ವೇಗ ತಗ್ಗುತ್ತದೆ ಎಂದು ಸಂಶೋಧಕರೂ ಕಂಡಿದ್ದಾರೆ. ನನ್ನ ಲೆಕ್ಕ ನನ್ನ ದೇಹದ್ದು. ನಿಮ್ಮ ಬೆರಳು ನಿಮಗೆ ಬೇರೆ ಲೆಕ್ಕ ಹೇಳಬಹುದು, ಚುಚ್ಚಿ ನೋಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ‘ರಾತ್ರಿ ಪಾರ್ಸೆಲ್ ಇದೆ’ ಎಂದು ಮಧ್ಯಾಹ್ನ ಉಪವಾಸ ಕೂರಬೇಡಿ, ಸಕ್ಕರೆ ಏಕಾಏಕಿ ಇಳಿದರೆ ಅದೂ ಅಪಾಯ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

“ಇಷ್ಟೆಲ್ಲ ತಾಪತ್ರಯ ಯಾಕೆ? ಮನೆಯಲ್ಲೇ ಶುಚಿಯಾಗಿ ಮಾಡಿಕೊಳ್ಳಬಹುದಲ್ಲ” ಎನ್ನುವವರು ಇದ್ದೇ ಇರುತ್ತಾರೆ. ಸಾಮಾನ್ಯವಾಗಿ ಗಂಡಸರು, ಅಥವಾ ಸೊಸೆ ಬಂದ ಮೇಲೆ ಅಡಿಗೆಮನೆಯಿಂದ ನಿವೃತ್ತರಾದ ಅತ್ತೆಯಂದಿರು. ಮಾಡಿಕೊಳ್ಳಬಹುದು, ಯಾರು ಮಾಡಬೇಕು? ವಾರದಲ್ಲಿ ಐದು ದಿನ ಬೆಳಿಗ್ಗೆ ಐದೂವರೆಗೆ ಎದ್ದು ತಿಂಡಿ, ಡಬ್ಬಿ ಮುಗಿಸಿ, ಶಾಲೆಯಲ್ಲಿ ಗಂಟಲು ಹರಿದುಕೊಂಡು, ಬಂದು ಮತ್ತೆ ರಾತ್ರಿಯ ಅಡಿಗೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದರೆ ರಾಶಿ ಬಟ್ಟೆ. ಆ ಸಂಜೆಯ ಪಾರ್ಸೆಲ್ ಡಬ್ಬಿ ಅವಳ ಪಾಲಿಗೆ ತಿಂಡಿಗಿಂತ ಹೆಚ್ಚಾಗಿ ಎರಡು ಗಂಟೆಯ ಬಿಡುವು. ಪಥ್ಯದ ನೆಪದಲ್ಲಿ ಆ ಎರಡು ಗಂಟೆಯನ್ನೂ ಕಸಿದುಕೊಂಡರೆ ಅವಳ ಸಕ್ಕರೆ ಇಳಿಯುತ್ತದೆಂದು ಯಾವ ವೈದ್ಯಶಾಸ್ತ್ರವೂ ಹೇಳಿಲ್ಲ.

ಇನ್ನೊಂದು ಆಕ್ಷೇಪ ಗೆಳತಿಯರದ್ದೇ. “ಒಮ್ಮೆ ಬಾಯಿ ಬಿಟ್ಟರೆ ಹಿಡಿತ ತಪ್ಪುತ್ತದೆ, ಪೂರ್ತಿ ಬಿಡುವುದೇ ಒಳ್ಳೆಯದು” ಎನ್ನುತ್ತಾರೆ. ಬಿಡಬಲ್ಲವರು ಬಿಡಲಿ, ಅವರಿಗೆ ನನ್ನ ನಮಸ್ಕಾರ. ಆದರೆ ಈ ಕಾಯಿಲೆ ಹದಿನೈದು ದಿನದ ಜ್ವರವಲ್ಲ, ಗಂಜಿ ಕುಡಿದು ಕಳೆಯುವುದಕ್ಕೆ. ಇಪ್ಪತ್ತು, ಮೂವತ್ತು ವರ್ಷ ಜೊತೆಗಿರುವುದು. ಮೂವತ್ತು ವರ್ಷ ನಡೆಯುವ ಪಥ್ಯದಲ್ಲಿ ಮನುಷ್ಯರ ಆಸೆಗೆ ಎಲ್ಲೋ ಒಂದು ಸಣ್ಣ ಕಿಟಕಿ ಇರಬೇಕು. ಮುಚ್ಚಿಟ್ಟರೆ ಅದು ಅಡಿಗೆಮನೆಯ ಕಟ್ಟೆಯ ಹತ್ತಿರ, ದೀಪ ಆರಿಸಿದ ಮೇಲೆ ತೆರೆದುಕೊಳ್ಳುತ್ತದೆ.

ಹೋಟೆಲಿನವರ ಮೇಲೂ ನನಗೊಂದು ತಕರಾರಿದೆ. 2020ರ ನಿಯಮದ ಪ್ರಕಾರ ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ತಿನಿಸಿನ ಪಟ್ಟಿಯಲ್ಲಿ ಕ್ಯಾಲೊರಿ ಬರೆಯಬೇಕು. ನಮ್ಮಂಥ ಊರಿನ ಅಂಗಡಿಗಳಿಗೆ ಆ ಕಟ್ಟಳೆ ತಾಗುವುದಿಲ್ಲ. ಬೇಡ, ಲೆಕ್ಕ ಕಟ್ಟಿ ಅವರೇಕೆ ತಲೆ ಕೆಡಿಸಿಕೊಳ್ಳಬೇಕು! ನನ್ನ ಬೇಡಿಕೆ ಚಿಕ್ಕದು. ಪಟ್ಟಿಯಲ್ಲಿ ನೂರಾ ಇಪ್ಪತ್ತು ತಿನಿಸು ಅಚ್ಚು ಹಾಕಿಸುವವರು ‘ಹಿಟ್ಟಿಲ್ಲದ ತರಕಾರಿ’ ಎಂದು ಒಂದು ಸಾಲು ಸೇರಿಸಲಿ, ಅರ್ಧ ಪ್ಲೇಟು ಕೊಡಲಿ, ಯಾವುದನ್ನು ಕರಿದಿದ್ದಾರೆ ಎಂಬುದಕ್ಕೆ ಪಕ್ಕದಲ್ಲಿ ಒಂದು ಚುಕ್ಕೆ ಇಡಲಿ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ ಇಡಲು ಕಲಿತವರಿಗೆ ಇದು ಭಾರವಾಗಲಾರದು. ಹತ್ತು ಹೆಂಗಸರು ಹತ್ತು ಸಲ ಕೇಳಿದರೆ ಯಾವ ವ್ಯಾಪಾರಿಯೂ ಇಲ್ಲವೆನ್ನುವುದಿಲ್ಲ. ನನ್ನ ಶಿಷ್ಯನ ಅಂಗಡಿಯ ಗೋಡೆಯ ಮೇಲೆ ಈಗ ‘ತರಕಾರಿ ಫ್ರೈ, ಹಿಟ್ಟು ಇಲ್ಲ’ ಎಂದು ಸುಣ್ಣದ ಅಕ್ಷರದಲ್ಲಿ ಬರೆದಿದೆ. ಅಕ್ಷರ ಸ್ವಲ್ಪ ಸೊಟ್ಟಗಿದೆ. ನಾನೇ ಕಲಿಸಿದ ಅಕ್ಷರ, ಸಹಿಸಿಕೊಂಡಿದ್ದೇನೆ.

ಮನೆಯವರಲ್ಲಿ ಒಂದು ಮಾತು. ನಿಮ್ಮ ಕಾಳಜಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾಳಜಿ ಇದ್ದವರು ಆರ್ಡರು ಹಾಕುವ ಮುನ್ನ ಕೇಳುತ್ತಾರೆ, ತರಿಸಿದ ತರಕಾರಿಯಲ್ಲಿ ತಾವೂ ಪಾಲು ತೆಗೆದುಕೊಳ್ಳುತ್ತಾರೆ. ನಲವತ್ತು ದಾಟಿದ ಯಜಮಾನರಿಗೂ, ಮೂವತ್ತಕ್ಕೇ ಹೊಟ್ಟೆ ಬಂದ ಮಗನಿಗೂ ಈ ಊಟ ಬೇಕಾದದ್ದೇ. ಅಮ್ಮನ ಪಥ್ಯ ಅಮ್ಮನೊಬ್ಬಳ ಶಿಕ್ಷೆಯಾಗದೆ ಮನೆಯ ಅಭ್ಯಾಸವಾದರೆ ಮುಂದಿನ ತಲೆಮಾರಿಗೆ ಮಾತ್ರೆ ಡಬ್ಬಿ ಹತ್ತು ವರ್ಷ ತಡವಾಗಿ ಬಂದೀತು.

ಗೆಳತಿಯರೇ, ಈ ಶನಿವಾರ ಮಗನೋ ಮಗಳೋ ಮೊಬೈಲು ಕೈಗೆತ್ತಿಕೊಂಡಾಗ ನೀವು ಅಡಿಗೆಮನೆಗೆ ಹೋಗಬೇಡಿ. ಅವರ ಪಕ್ಕದಲ್ಲಿ ಕೂತುಕೊಳ್ಳಿ. ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ. ಒಂದು ಕ್ಲಿಯರ್ ಸೂಪು, ಹಿಟ್ಟಿಲ್ಲದ ತರಕಾರಿ ಎರಡು, ಫ್ರೈಡ್ ರೈಸು ಒಂದೇ ಎಂದು ನಿಮ್ಮ ಬಾಯಿಂದಲೇ ಹೇಳಿ. ಡಬ್ಬಿ ಬಂದ ಮೇಲೆ ತಟ್ಟೆ ತರಲು ಬೇರೆ ಯಾರನ್ನಾದರೂ ಕಳಿಸಿ.